ಬಾಳವ್ವನ ಕೌದಿ ಮತ್ತು ಸೂಜಿ

ಹಳೆಯ ಬಟ್ಟೆಗಳನ್ನು ಜೋಡಿಸಿ ಬಾಳವ್ವ ಹೊಲಿದಿದ್ದ ಕೌದಿ, ಅವಳು ತೀರಿಹೋದ ಮೇಲೆ ಹೈಸ್ಕೂಲಿನ ಗಾಜಿನ ಪೆಟ್ಟಿಗೆ ಸೇರಿತ್ತು. ನುಸಿ ತಿಂದು ಅದರಲ್ಲಿ ತೂತು ಬಿದ್ದಾಗ, ಚಿತ್ರಕಲೆಯ ತರಗತಿಯ ಮಕ್ಕಳು ಅದನ್ನು ಹೊರಗೆ ಹಾಸಿ, ಬಿಸಾಡಬೇಕಿದ್ದ ಸಮವಸ್ತ್ರದ ತುಂಡೊಂದನ್ನು ತೇಪೆಗೆ ಇಟ್ಟರು.

"ನಿಲ್ಲು!" ಎಂದಿತು ಕೌದಿ ಸೂಜಿಗೆ. "ಈ ನೀಲಿ ಬಟ್ಟೆ ಬಾಳವ್ವನದಲ್ಲ. ಇದು ಸೇರಿದರೆ ನಾನು ಅವಳ ಕೌದಿಯಾಗಿ ಉಳಿಯುವುದಿಲ್ಲ."

"ಹಿಂದೆ ನೀನು ಹರಿದಾಗ ಅವಳೇನು ಮಾಡುತ್ತಿದ್ದಳು, ಕೌದಿಯವ್ವಾ?"

"ತೇಪೆ ಹಾಕುತ್ತಿದ್ದಳು. ಸೊಸೆಯ ಸೀರೆ, ಗಂಡನ ಧೋತರ, ನೆರೆಮನೆಯ ಕೂಸಿನ ಅಂಗಿ..." ಕೌದಿ ತಡವರಿಸಿತು.

"ಹಾಗಾದರೆ ಬಾಳವ್ವನದು ಯಾವುದು?"

ಕೌದಿ ತನ್ನನ್ನು ತಾನೇ ಉದ್ದಗಲಕ್ಕೂ ನೋಡಿಕೊಂಡಿತು. "ಗೊತ್ತಾಗುತ್ತಿಲ್ಲ. ಆದರೂ ಬೇಡ," ಎಂದಿತು.

"ನೀನು ಬೇಡವೆಂದರೆ ನುಸಿ ಬಿಡುತ್ತದೆಯೇ?" ಎನ್ನುತ್ತಾ ಸೂಜಿ ತೇಪೆಯ ನಡುವಿಗೆ ಚುಚ್ಚಿತು.

"ಅಯ್ಯೋ ಪೆದ್ದೇ, ನಡುವಿನಿಂದಲ್ಲ! ಬಟ್ಟೆ ಸುಕ್ಕಾಗುತ್ತದೆ. ಅಂಚಿನಿಂದ ಒಳಕ್ಕೆ ಬಾ. ಬಾಳವ್ವ ಹೊಲಿಯುತ್ತಿದ್ದುದೇ ಹಾಗೆ."

ಸೂಜಿ ಹಿಂದಕ್ಕೆ ಬಂದು ಅಂಚಿನಲ್ಲಿ ನಿಂತಿತು. "ಹೊಲಿಯಲೇ?"

ತಾನು ಯಾರ ಕೌದಿ ಎಂಬುದು ಕೌದಿಗೆ ಇನ್ನೂ ತಿಳಿದಿರಲಿಲ್ಲ.

"ಹೊಲಿ," ಎಂದಿತು. "ಹೊಲಿಗೆ ಮಾತ್ರ ಸಣ್ಣದಿರಲಿ."