ಕಂಬಳಿ ನೇಯುವವನ ಹೊಸ ಬಾಗಿಲು

“ಬುದ್ಧಿ, ಯಾವ ಈಮೇಲ್ ಒಳ್ಳೆಯದು?” ಎಂದು ತಿಪ್ಪೇರುದ್ರ ಕೇಳಿದ.

ಮಠದಲ್ಲಿ ಅಂಥ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರು ನಕ್ಕರು. ಗುರುಗಳು ನಗಲಿಲ್ಲ.

“ನಿನ್ನ ಹಳೆಯದಕ್ಕೆ ಏನಾಯಿತು?” ಎಂದರು.

“ಹೋಯಿತು, ಬುದ್ಧಿ. ಓದುವಾಗ ಮಾಡಿಕೊಂಡ ಖಾತೆ. ಪಾಸ್‌ವರ್ಡ್ ಮರೆತೆ. ಅದಕ್ಕೆ ಜೋಡಿಸಿದ್ದ ಫೋನ್ ನಂಬರನ್ನು ಎಂದೋ ಬಿಟ್ಟಿದ್ದೆ. ನಾನೇ ನಾನು ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಕಂಪನಿಯವರು ಒಪ್ಪಲಿಲ್ಲ.”

“ಅವರ ತಪ್ಪಿಲ್ಲ ಬಿಡು. ನಾನು ಯಾರೆಂದು ನನಗೇ ಒಪ್ಪಿಸಲು ನನ್ನಿಂದಲೂ ಇನ್ನೂ ಆಗಿಲ್ಲ.”

ಈ ಸಲ ತಿಪ್ಪೇರುದ್ರನೂ ನಕ್ಕ. ಆಮೇಲೆ ಹೇಳಿದ: “ತಿಂಗಳುಗಟ್ಟಲೆ ಹೊಸದನ್ನು ಹುಡುಕುತ್ತಿದ್ದೇನೆ. ಒಂದಕ್ಕೆ ದುಡ್ಡು ಕೊಡಬೇಕು. ಇನ್ನೊಂದು ಪುಕ್ಕಟೆ, ಆದರೆ ನಂಬಿಕೆ ಬರುವುದಿಲ್ಲ. ಮತ್ತೆಂದೂ ಕಳೆದುಹೋಗದಂಥದು ಬೇಕು. ಯಾವುದೆಂದು ತಿಳಿಯುತ್ತಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರ ಕಂಬಳಿ ನೇಯುತ್ತಿದ್ದ. ಅವನ ಮನೆ ಗುಡ್ಡದ ಹಿಂದೆ ಇತ್ತು. ಅವನಿಗೆ ಉಣ್ಣೆ ಕೊಡುತ್ತಿದ್ದವರು ಕುರಿಗಾರರು. ಅವರು ಒಂದೆಡೆ ನಿಲ್ಲುವವರಲ್ಲ. ಬೇಸಿಗೆ ಬರುವ ಮೊದಲು ಮಂದೆ ಹೊಡೆದುಕೊಂಡು ಹೋಗುವರು, ಮಳೆಯ ಹೊತ್ತಿಗೆ ಅದೇ ದಾರಿಯಲ್ಲಿ ಮರಳುವರು.

ಆ ದಾರಿಯ ಮೇಲೆ ಒಬ್ಬ ವರ್ತಕನ ಉಗ್ರಾಣವಿತ್ತು. ಹೋಗುವಾಗ ಕುರಿಗಾರರು ಉಣ್ಣೆಯ ಮೂಟೆಗಳನ್ನು ಅಲ್ಲಿ ಇಟ್ಟು ಹೋಗುವರು. ಒಂದೊಂದು ಮನೆತನದ ಮೂಟೆಗೆ ಒಂದೊಂದು ಬಣ್ಣದ ದಾರ. ನೇಕಾರ ಬಂದು ಮೂಟೆ ಒಯ್ಯುವನು. ನೂಲು ತೆಗೆಸಿ, ಹುಣಸೆ ಬೀಜದ ಗಂಜಿ ಹಾಕಿ ನೇಯುವನು. ಮೂಟೆಗೆ ಕಟ್ಟಿದ್ದ ದಾರವನ್ನೇ ಕಂಬಳಿಯ ಅಂಚಿಗೆ ಸೇರಿಸಿ ಉಗ್ರಾಣಕ್ಕೆ ತಂದಿಡುವನು. ಮರಳುವ ಕುರಿಗಾರ ತನ್ನ ಬಣ್ಣ ನೋಡಿ ಎತ್ತಿಕೊಳ್ಳುವನು. ಉಣ್ಣೆಯಲ್ಲಿ ಒಂದು ಪಾಲು ನೇಕಾರನ ಕೂಲಿ. ಅವನ ಮುಖವನ್ನು ಕುರಿಗಾರರು ಕಂಡಿರಲಿಲ್ಲ. ಅವರನ್ನು ಅವನು ದಾರದಿಂದಲೇ ಬಲ್ಲ. ಆ ಒಂದು ಬಾಗಿಲಿನಿಂದ ಎಲ್ಲವೂ ನಡೆಯುತ್ತಿತ್ತು.

ಒಂದು ವರ್ಷ ಉಗ್ರಾಣಕ್ಕೆ ಹೊಸ ಕಾವಲುಗಾರ ಬಂದ. ಕೆಲವು ಮೂಟೆಗಳನ್ನು ಮೊದಲೇ ಒಯ್ದಿದ್ದ ನೇಕಾರ ಉಳಿದವನ್ನು ಒಯ್ಯಲು ಹೋದಾಗ ಅವನು ಅಡ್ಡ ನಿಂತ.

“ಯಾರಪ್ಪ ನೀನು?”

“ನೇಕಾರ. ಒಳಗಿರುವ ಉಣ್ಣೆ ನನಗೆಂದು ಇಟ್ಟದ್ದು.”

“ಹಾಗೆಂದು ಯಾರು ಹೇಳಬೇಕು?”

“ಇಟ್ಟವರು ಕುರಿಯ ಹಿಂದೆ ಹೋಗಿದ್ದಾರಲ್ಲ. ಬೇಕಾದರೆ ಉಣ್ಣೆಯನ್ನೇ ಕೇಳಿ.”

“ಕೇಳಿದೆ. ಬ್ಯಾ ಎಂದಿತು,” ಎಂದು ಕಾವಲುಗಾರ ಬಾಗಿಲು ಹಾಕಿಕೊಂಡ.

ದಾರಿಯಲ್ಲಿದ್ದವರು ನಕ್ಕರು. ನೇಕಾರನಿಗೆ ಅವಮಾನವಾಯಿತು. ಇನ್ನು ಈ ಬಾಗಿಲಿಗೆ ಮುಖ ತೋರಿಸುವುದಿಲ್ಲ ಎಂದುಕೊಂಡ. ಅಂದಿನಿಂದ ಅವನು ಉಗ್ರಾಣದ ಮುಂದೆ ಹಾಯಲೇ ಇಲ್ಲ. ಹೊಲದ ಬದುಗಳ ಮೇಲೆ ಸುತ್ತುಹಾಕಿ ಓಡಾಡಿದ.

ಒಳಗೆ ಉಳಿದ ಉಣ್ಣೆ ಕೈತಪ್ಪಿತು. ಮೊದಲೇ ಒಯ್ದಿದ್ದ ಉಣ್ಣೆ ಮನೆಯಲ್ಲಿತ್ತು. ಅದನ್ನು ನೇಯ್ದ. ಕಂಬಳಿಗಳು ಸಿದ್ಧವಾದವು. ಅವನ್ನು ಇಡಲು ಹೊಸ ಜಾಗ ಬೇಕಾಯಿತು.

ಈ ಸಲ ಮೋಸ ಹೋಗಬಾರದು ಎಂದು ಅವನು ಊರೂರು ಸುತ್ತಿದ. ಒಬ್ಬ ಛತ್ರದವನು ಬಾಡಿಗೆಯೇ ಬೇಡ ಎಂದ. ಆದರೆ ಬಂದವರ ಗಂಟು ಬಿಚ್ಚಿ ನೋಡುವ ಚಾಳಿ ಅವನಿಗಿತ್ತು. ಗಾಣದವನ ಕೋಣೆ ಗಟ್ಟಿಯಾಗಿತ್ತು, ಎಣ್ಣೆಯ ವಾಸನೆ ಹತ್ತುತ್ತದೆ ಎಂದು ಬಿಟ್ಟ. ಕೆಲವು ಜಾಗಗಳನ್ನು ಬೇಡವೆಂದು ಬಂದು, ಮತ್ತೆ ಹೋಗಿ ನೋಡಿದ. ಮೋಡ ಕಟ್ಟುವ ಹೊತ್ತಿಗೆ, ದಾರಿಯಿಂದ ಒಳಗಿರುವ ಒಂದು ಊರಿನಲ್ಲಿ, ಬಡಗಿಯೊಬ್ಬನ ಮನೆಯ ಮುಂಗೋಣೆ ಮನಸ್ಸಿಗೆ ಬಂತು. ಹೊನ್ನೆ ಮರದ ಬಾಗಿಲು. ಬೀಗದ ಕೈ ತನ್ನ ಸೊಂಟದಲ್ಲೇ. ಯಾವ ಕಾವಲುಗಾರನನ್ನೂ ಕೇಳಬೇಕಾಗಿಲ್ಲ. ನೇಕಾರ ಕಂಬಳಿಗಳನ್ನು ಅಲ್ಲಿ ಜೋಡಿಸಿ ಕಾದು ಕುಳಿತ.

ಮಳೆ ಹಿಡಿಯಿತು. ಮಂದೆಗಳು ಮರಳಿದವು. ಕಂಬಳಿ ಕೇಳಿಕೊಂಡು ಯಾರೂ ಬರಲಿಲ್ಲ.

ಒಂದು ದಿನ ಒಬ್ಬ ಮುದುಕ ಔಷಧ ಕೊಡುವವರ ಮನೆ ಕೇಳಿಕೊಂಡು ಆ ಊರಿಗೆ ಬಂದ. ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡಿದ್ದ. ಅದು ನೆನೆದು ಬೆನ್ನಿಗೆ ಅಂಟಿತ್ತು. ಕೈಯಲ್ಲಿದ್ದ ಕೋಲಿಗೆ ಹಳದಿ ದಾರ ಸುತ್ತಿತ್ತು.

ನೇಕಾರ ಆ ದಾರವನ್ನು ಗುರುತಿಸಿದ. ಎದ್ದು ಓಡಿದ. “ಅಜ್ಜಾ, ನಿಲ್ಲು. ನಿನ್ನ ಕಂಬಳಿ ನನ್ನಲ್ಲಿದೆ. ನಾನೇ ನೇಕಾರ.”

ಮುದುಕ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ಬದುಕಿದ್ದೀಯಾ?” ಎಂದ. “ಉಗ್ರಾಣದಲ್ಲಿ ನೇಕಾರ ಗೀಕಾರ ಯಾರೂ ಇಲ್ಲ ಅಂದರು. ಉಣ್ಣೆ ಕದ್ದು ಓಡಿದ ಎಂದು ನಮ್ಮವರು ಬೈದರು. ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಸತ್ತಿರಬೇಕು ಪಾಪ ಎಂದೆ. ಅಂದು ಉಣ್ಣುವಾಗ ನನ್ನ ಹೆಂಡತಿ ಕಂಬಳಿಯವನ ಹೆಸರಲ್ಲಿ ಎಂದು ಒಂದು ತುತ್ತು ತೆಗೆದಿಟ್ಟಳು. ಈಗ ಅವಳೇ ಮಳೆಗೆ ನೆನೆದು ಜ್ವರ ಹಿಡಿದು ಮಲಗಿದ್ದಾಳೆ.”

“ಅವರು ಬಾಗಿಲು ಹಾಕಿಬಿಟ್ಟರು, ಅಜ್ಜಾ. ಒಳ್ಳೆಯ ಜಾಗ ಹುಡುಕುವುದರಲ್ಲಿ ಬೇಸಿಗೆ ಕಳೆಯಿತು. ನೋಡು, ಎಂಥ ಬಾಗಿಲು ಸಿಕ್ಕಿದೆ.”

ಮುದುಕ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದ.

“ಬಾಗಿಲು ಚೆನ್ನಾಗಿದೆ, ಮಗ. ಆದರೆ ಹೊದೆಯಲು ಬರುವುದಿಲ್ಲ. ಉಗ್ರಾಣದೊಳಗೆ ಬಿಡದಿದ್ದರೆ ಏನಂತೆ? ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಅದರ ಎದುರು, ದಾರಿಯ ಮೇಲೆ ನಿಂತಿದ್ದರೆ ಸಾಕಿತ್ತು. ನಾವೆಲ್ಲ ಅಲ್ಲಿಗೇ ಬಂದೆವು.”

ನೇಕಾರ ಒಳಗೆ ಹೋಗಿ ಹಳದಿ ಅಂಚಿನ ಕಂಬಳಿಯನ್ನು ತಂದುಕೊಟ್ಟ. ಮುದುಕ ಅದನ್ನು ಹೊದೆಯಲಿಲ್ಲ. ಮಡಿಸಿ, ನೆನೆಯದಂತೆ ಎದೆಗೆ ಅವಚಿಕೊಂಡು, ಬಿಡಾರದ ಕಡೆಗೆ ಬೇಗ ಬೇಗ ನಡೆದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಆದರೂ ನಾನು ಒಂದನ್ನು ಆರಿಸಲೇಬೇಕಲ್ಲ, ಬುದ್ಧಿ?” ಎಂದ ತಿಪ್ಪೇರುದ್ರ.

“ಆರಿಸಬೇಕು. ನೀನು ಬಿಟ್ಟು ಹೋಗುವಾಗ ನಿನ್ನ ಪತ್ರಗಳ ಗಂಟನ್ನು ನಿನ್ನ ಕೈಗೆ ಕೊಡುವವರು ಯಾರೆಂದು ವಿಚಾರಿಸು. ಅವರಲ್ಲಿ ಖಾತೆ ಇಟ್ಟುಕೊ. ಇವತ್ತಿನ ಸಂಜೆ ಸಾಕು ಅದಕ್ಕೆ.”

ತಿಪ್ಪೇರುದ್ರನಿಗೆ ಸಮಾಧಾನವಾಯಿತು. ನಮಸ್ಕರಿಸಿ ಎದ್ದ. ಅವನು ಹೊಸ್ತಿಲು ದಾಟುವ ಮೊದಲು ಗುರುಗಳು ಕೇಳಿದರು:

“ಇಷ್ಟು ತಿಂಗಳು ಹಳೆಯ ವಿಳಾಸಕ್ಕೆ ಬರೆದು, ಉತ್ತರ ಬಾರದೆ, ನಿನ್ನನ್ನು ಸತ್ತವನೆಂದುಕೊಂಡವರು ಯಾರು, ತಿಪ್ಪೇರುದ್ರ?”