ಗುಡ್ಡದ ಆ ಕಡೆ

ಮೂರನೆಯ ವರ್ಷದ ಕೊನೆಗೆ ಕೊಟ್ರೇಶನ ಮೊದಲ ಅಚ್ಚು ಹಲಗೆಯಿಂದ ಎದ್ದಿತು.

ಹೊಳೆಯ ದಂಡೆಯಲ್ಲಿ ಹಾಲಪ್ಪ ಗುರುಗಳ ಚಿತ್ರಶಾಲೆ. ಒಂದು ಹೆಂಚಿನ ಚಾವಡಿ, ಎದುರಿಗೆ ನೀರು, ಅಷ್ಟೆ. ಅಲ್ಲಿ ಶಿಷ್ಯರು ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಗುರುಗಳು ಒಪ್ಪಿದರೆ ಅದನ್ನು ಮರದ ಹಲಗೆಗಳ ಮೇಲೆ ಕೆತ್ತುತ್ತಾರೆ, ಬಣ್ಣಕ್ಕೊಂದು ಹಲಗೆ. ಹಲಗೆಗೆ ಬಣ್ಣ ಸವರಿ, ಕಾಗದ ಹಾಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ.

ಕೊಟ್ರೇಶ ಕಾಗದದ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದ.

ಕೆಳಗೆ ಸಜ್ಜೆ ಹೊಲದ ಹಳದಿ ಪಟ್ಟಿ. ನಡುವೆ ಗುಡ್ಡದ ಕೆಂಪು. ಮೇಲೆ ನೀಲಿ. ಗುಡ್ಡದ ನೆತ್ತಿಯಲ್ಲಿ ಒಂದು ಕಪ್ಪು ಗೀಟು, ಅದು ಬೇವಿನ ಮರ. ಒಂದು ಚೌಕ, ಅದು ಕಲ್ಲುಮಂಟಪ. ಒಂದು ದುಂಡು, ಅದು ಗುಂಡುಕಲ್ಲು. ಎಲೆಯಿಲ್ಲ, ಕಂಬವಿಲ್ಲ, ಮನುಷ್ಯರಿಲ್ಲ.

"ಗುರುಗಳೇ, ಬಂತು! ನಮ್ಮೂರ ಗುಡ್ಡ ಬಂತು!"

ಗುರುಗಳು ಕನ್ನಡಕ ಏರಿಸಿ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಹಲಗೆಯನ್ನೂ ನೋಡಿದರು.

"ಬಂದಿದೆ," ಎಂದರು.

"ಸಹಿ ಹಾಕಲೇ?" ಪೆನ್ಸಿಲ್ಲು ಬೆಳಗಿನಿಂದಲೇ ಅವನ ಕಿವಿಯ ಮೇಲಿತ್ತು.

"ಪದ್ಧತಿ ಮರೆತೆಯಾ?"

ಮರೆತಿರಲಿಲ್ಲ. ಮೊದಲ ಅಚ್ಚನ್ನು ಶಿಷ್ಯ ತನ್ನ ಮನೆಯ ಗೋಡೆಗೆ ಹದಿನೈದು ದಿನ ಹಾಕಬೇಕು. ಆಮೇಲೆ ತಂದು ಗುರುಗಳ ಎದುರು ಸಹಿ ಮಾಡಬೇಕು. ಅಲ್ಲಿಂದಾಚೆ ಅವನು ಶಿಷ್ಯನಲ್ಲ, ಚಿತ್ರಗಾರ.

"ಕೆಳಗೆ ಗುಡ್ಡದ ಹೆಸರಾದರೂ ಬರೆಯಲೇ, ಗುರುಗಳೇ? ಮನೆಯವರಿಗೆ ತಿಳಿಯಬೇಕಲ್ಲ."

"ಬರೆದರೆ ಓದುತ್ತಾರೆ," ಎಂದರು ಗುರುಗಳು. "ಅವರು ನೋಡಲಿ ಬಿಡು."

ಕೊಟ್ರೇಶ ಅಚ್ಚಿಗೆ ಚೌಕಟ್ಟು ಹಾಕಿಸಿದ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ, ಚೌಕಟ್ಟನ್ನು ಎದೆಗೆ ಅವುಚಿಕೊಂಡು ನಿಂತೇ ಬಂದ. ಊರ ಬಾಗಿಲಿನಿಂದ ಮನೆಯವರೆಗೆ ಓಡಿದ. ಪಡಸಾಲೆಯಲ್ಲಿ ಮೊಳೆ ಹೊಡೆಯುವಾಗ ಎರಡು ಸಲ ಹೆಬ್ಬೆರಳ ಮೇಲೇ ಹೊಡೆದುಕೊಂಡ.

ಹೆಂಡತಿ ಅನಸೂಯ ಸೆರಗಿಗೆ ಕೈ ಒರೆಸುತ್ತ ಬಂದಳು. ತಲೆ ಆ ಕಡೆ ಈ ಕಡೆ ವಾಲಿಸಿದಳು.

"ಏನ್ರೀ ಇದು, ಹೊಲಾನೋ, ಸೀರೆ ಅಂಚೋ?"

"ಸರಿಯಾಗಿ ನೋಡೇ!"

"ಚೆನ್ನಾಗೈತೆ ರೀ, ಇಲ್ಲ ಅಂದೆನಾ? ಬಣ್ಣ ನೋಡಿದ್ರೆ ಹೊಟ್ಟೆ ತುಂಬುತ್ತೆ." ಅವಳು ಇನ್ನೂ ಹತ್ತಿರ ಹೋದಳು. "ಓ, ಇದು ನಮ್ಮ ಗುಡ್ಡ! ಇದು ಮಂಟಪ. ಇದು ಗುಂಡುಕಲ್ಲು." ಬೆರಳು ತಡೆಯಿತು. "ಅಲ್ಲಾ, ಬೇವಿನ ಮರ ಬಲಗಡೆ ಯಾಕೆ ಹೋಯ್ತು?"

ಕೊಟ್ರೇಶ ನಕ್ಕ. ನಗುತ್ತಲೇ ಅಂಗಳಕ್ಕೆ ಬಂದು ಗುಡ್ಡ ನೋಡಿದ.

ಮರ ಎಡಕ್ಕಿತ್ತು. ಗುಂಡುಕಲ್ಲು ಬಲಕ್ಕಿತ್ತು.

ನಗು ನಿಂತಿತು.

ತೆಳುಕಾಗದದ ಮೇಲೆ ಬರೆದ ಚಿತ್ರವನ್ನು ಬೋರಲು ಮಾಡಿ ಹಲಗೆಗೆ ಅಂಟಿಸಬೇಕು. ಆಗ ಕೆತ್ತನೆ ತಿರುವುಮುರುವಾಗಿ, ಅಚ್ಚು ನೇರವಾಗುತ್ತದೆ. ಚಾವಡಿಯಲ್ಲಿ ಮೊದಲ ವಾರ ಕಲಿಸುವ ಪಾಠ ಅದು. ಗುರುಗಳು ಚಿತ್ರ ಒಪ್ಪಿದ ದಿನದ ಸಡಗರದಲ್ಲಿ ಅವನು ಕಾಗದವನ್ನು ಅಂಗಾತ ಅಂಟಿಸಿದ್ದ. ನಾಲ್ಕು ತಿಂಗಳು ಹಲಗೆಯ ಮೇಲೆ ಗುಡ್ಡ ಇದ್ದಂತೆಯೇ ಕಂಡಿತ್ತು. ಹಾಗೆ ಕಂಡಾಗಲೇ ಎಚ್ಚರವಾಗಬೇಕಿತ್ತು. ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ಹಿಗ್ಗಿದ್ದ.

ಮೂರು ವರ್ಷ. ಈಗ ಸಹಿಯ ಮಾತು ಎಲ್ಲಿ ಬಂತು?

ಅವನು ಒಳಗೆ ಬಂದು ಚೌಕಟ್ಟಿಗೆ ಕೈ ಹಾಕಿದ.

"ಇಳಿಸಬ್ಯಾಡ."

ಅಡಿಗೆಮನೆಯ ಬಾಗಿಲಲ್ಲಿ ಅವನ ಅವ್ವ ಹನುಮವ್ವ ನಿಂತಿದ್ದಳು.

ಕೊಟ್ರೇಶನ ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಅವ್ವ ಪಡಸಾಲೆಗೆ ಬಂದು ಕೂತವಳಲ್ಲ. ಅಡಿಗೆಮನೆಯ ಗೋಡೆಗೆ ಮುಖ ಮಾಡಿ ಎರಡು ತುತ್ತು ಉಣ್ಣುತ್ತಿದ್ದಳು. ಕೇಳಿದ್ದಕ್ಕೆ ಹ್ಞೂಂ, ಊಹೂಂ. ಅಷ್ಟೆ.

"ಇದು ತಪ್ಪಾಗೈತೆ ಅವ್ವ. ತಿರುವುಮುರುವು ಬಂದೈತೆ."

"ಯಾರು ಹೇಳಿದ್ರು ತಪ್ಪು ಅಂತ?" ಅವಳು ಪಡಸಾಲೆಗೆ ಇಳಿದು ಬಂದಳು. ಚಿತ್ರದ ಮುಂದೆ ನಿಂತಳು. ದನಿ ಏರಿತು. "ಕೊಟ್ರಾ, ನೀನು ಯಾವಾಗ ಹೋಗಿದ್ದೆ ಅಲ್ಲಿಗೆ?"

"ಎಲ್ಲಿಗೆ?"

"ನಮ್ಮೂರಿಗೆ ಕಣೋ! ಕಣಿವೆಹಳ್ಳಿಗೆ! ಅಲ್ಲಿಂದ ನೋಡಿದ್ರೆ ಹಿಂಗೇ. ಮರ ಈ ಕಡೆ, ಕಲ್ಲು ಆ ಕಡೆ. ಹಿಂಗೇ ಕಣೋ, ಕೂದಲೆಳೆ ವ್ಯತ್ಯಾಸ ಇಲ್ಲ!"

ಕಣಿವೆಹಳ್ಳಿ ಗುಡ್ಡದ ಆ ಕಡೆಯ ಊರು, ಅವ್ವನ ತವರು. ಕೊಟ್ರೇಶ ಅಂಬೆಗಾಲಿಡುವಾಗ ಅವಳ ಒಬ್ಬನೇ ಅಣ್ಣ ತೀರಿಕೊಂಡಿದ್ದ. ಆಮೇಲೆ ಅಲ್ಲಿಗೆ ಯಾರೂ ಹೋಗಿರಲಿಲ್ಲ. ಕೊಟ್ರೇಶ ಆ ಊರನ್ನು ನೋಡಿಯೇ ಇರಲಿಲ್ಲ.

"ಮದುವೆಗೆ ಮುಂಚೆ ದಿನಾ ಹೊತ್ತು ಇಳಿಯೋವಾಗ ಕಣದ ಬಂಡೆ ಮ್ಯಾಲೆ ಕೂತು ಈ ಗುಡ್ಡ ನೋಡ್ತಿದ್ದೆ," ಎಂದಳು ಅವ್ವ. "ಆಚೆ ಕಡೆ ಏನೈತೋ ಏನೋ ಅಂತ."

"ಏನಿತ್ತು ಅತ್ತೆ?" ಎಂದಳು ಅನಸೂಯ, ನಗುತ್ತ.

"ಇವರಪ್ಪ ಇದ್ದ." ಅವ್ವ ಮಗನ ಕಡೆ ಕೈ ತೋರಿಸಿದಳು. "ಇವನಿದ್ದ. ಆಗ ಗೊತ್ತಿರಲಿಲ್ಲ, ಅಷ್ಟೆ."

ಅವಳು ಚಿತ್ರದ ಎದುರಿಗೆ ನೆಲದ ಮೇಲೆ ಕೂತಳು.

"ಅನಸೂಯಾ," ಎಂದಳು ಅವ್ವ, "ಒಂದು ರೊಟ್ಟಿ ಇಲ್ಲಿಗೇ ತಾರೇ. ಹಸಿವಾಗೈತೆ."

ಆ ಹದಿನೈದು ದಿನ ಅವ್ವ ಚಿತ್ರದ ಎದುರೇ ಉಂಡಳು. ಬಂದವರನ್ನೆಲ್ಲ ಕೈ ಹಿಡಿದು ಕರೆತಂದು ತೋರಿಸಿದಳು. ಆ ಹಳದಿ ಪಟ್ಟಿಯಲ್ಲಿ ಅವಳ ಅಪ್ಪನ ಹೊಲ ಎಲ್ಲಿ ಮುಗಿಯುತ್ತದೆ, ಅಣ್ಣ ಎಲ್ಲಿ ದನ ಬಿಡುತ್ತಿದ್ದ ಎಂದೆಲ್ಲ ಬೆರಳಿಟ್ಟು ಹೇಳಿದಳು. ಗಾಜಿನ ತುಂಬ ಬೆರಳಿನ ಗುರುತು. ಅನಸೂಯ ಒರೆಸಿ ಒರೆಸಿ ಸಾಕಾಗಿ ಬಿಟ್ಟುಬಿಟ್ಟಳು.

ಹದಿನಾರನೆಯ ದಿನ ಕೊಟ್ರೇಶ ಚೌಕಟ್ಟು ಇಳಿಸಿದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮತ್ತೆ ತರ್ತೀಯಾ?"

"ತರ್ತೀನಿ ಅವ್ವ."

"ಆಣೆ?"

"ನಿನ್ನಾಣೆ."

ಕೊಟ್ರೇಶ ಹೊಳೆದಂಡೆ ಮುಟ್ಟಿದಾಗ ಗುರುಗಳು ಉಳಿ ಮಸೆಯುತ್ತಿದ್ದರು. ಅವನು ಚಪ್ಪಲಿ ಬಿಡುವುದಕ್ಕೂ ಮುಂಚೆ ಎಲ್ಲ ಹೇಳಿಬಿಟ್ಟ. ಅಂಗಾತ ಅಂಟಿಸಿದ ಕಾಗದ, ಅವ್ವನ ಬಂಡೆ, ರೊಟ್ಟಿ. ಒಂದರ ಮೇಲೊಂದು ಬಿದ್ದು ಬಂತು ಮಾತು.

ಗುರುಗಳು ಕೇಳಿಸಿಕೊಂಡರು. ಉಳಿ ಕೆಳಗಿಟ್ಟು ಗಾಜಿನ ಮೇಲಿನ ಬೆರಳಿನ ಗುರುತುಗಳನ್ನು ನೋಡಿದರು.

"ತಪ್ಪು ನಿಮಗೆ ಅವತ್ತೇ ಕಂಡಿತ್ತೇ, ಗುರುಗಳೇ?"

"ಕಂಡಿತ್ತು."

"ಮತ್ತೇಕೆ ಹೇಳಲಿಲ್ಲ?"

"ತಪ್ಪು ಕಂಡಿತ್ತು. ನಿನಗೇ ಕಾಣಲಿ ಎಂದು ಬಿಟ್ಟೆ. ನಿಮ್ಮವ್ವ ನನಗೆ ಕಂಡಿರಲಿಲ್ಲ."

ಅವರು ಚೌಕಟ್ಟು ಬಿಚ್ಚಿದರು, ಅಚ್ಚನ್ನು ಹಲಗೆಯ ಮೇಲಿಟ್ಟು ಪೆನ್ಸಿಲ್ಲು ಮುಂದೆ ಚಾಚಿದರು. "ಹಾಕು ಸಹಿ."

ಕೊಟ್ರೇಶ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಮೂರು ವರ್ಷ ಕಾದ ಮಾತು. ಪೆನ್ಸಿಲ್ಲು ತೆಗೆದುಕೊಂಡ. ಕಾಗದದ ಬಲ ಮೂಲೆಗೆ ಬಗ್ಗಿದ.

ಬಗ್ಗಿದವನು ಹಾಗೇ ನಿಂತ.

"ಆಗಲ್ಲ, ಗುರುಗಳೇ."

"ಯಾಕೆ?"

"ನಾನು ಬರೆದದ್ದು ಮನೆ ಕಡೆಯ ಗುಡ್ಡ. ಬಂದದ್ದು ಆ ಕಡೆಯದು. ಅದನ್ನು ನಾನು ನೋಡಿಯೇ ಇಲ್ಲ. ನೋಡದೇ ಇದ್ದದ್ದಕ್ಕೆ ಹೆಸರು ಹೇಗೆ ಹಾಕಲಿ?"

ಗುರುಗಳ ಮುಖ ಅರಳಿತು. ಅವರು ಅಷ್ಟು ಅರಳಿದ್ದನ್ನು ಅವನು ಮೂರು ವರ್ಷದಲ್ಲಿ ಕಂಡಿರಲಿಲ್ಲ. ಅವರು ಅಚ್ಚನ್ನು ಮತ್ತೆ ಚೌಕಟ್ಟಿಗೆ ಸೇರಿಸಿ ಅವನ ಕೈಗಿಟ್ಟರು. ಪೆನ್ಸಿಲ್ಲನ್ನು ತಾವೇ ಅವನ ಕಿವಿಯ ಮೇಲೆ ಸಿಕ್ಕಿಸಿದರು.

"ನಾಳೆ ನಿಮ್ಮವ್ವನನ್ನು ಕರೆದುಕೊಂಡು ಕಣಿವೆಹಳ್ಳಿಗೆ ಹೋಗು. ಆ ಬಂಡೆಯ ಮೇಲೆ ಕೂತು ನೋಡು. ಅಲ್ಲೇ ಸಹಿ ಹಾಕು. ನಾನು ಎದುರಿಗೆ ಇರಬೇಕಾಗಿಲ್ಲ."

"ನಾಳೆ ಯಾಕೆ ಗುರುಗಳೇ, ಇವತ್ತೇ ಹೋಗ್ತೀನಿ! ಮೂರು ಗಂಟೆ ಬಸ್ಸು ಸಿಗುತ್ತೆ!" ಅವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ. ಕೆಳಗಿನ ಮೆಟ್ಟಿಲಲ್ಲಿ ಥಟ್ಟನೆ ನಿಂತು ತಿರುಗಿದ.

"ಗುರುಗಳೇ, ಅಲ್ಲಿ ಕೂತು ನೋಡಿದಾಗ ಗುಡ್ಡ ಹೀಗೆ ಕಾಣದಿದ್ದರೆ?"

ಗುರುಗಳು ಉಳಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಅವ್ವನ ಹತ್ತಿರಕ್ಕೆ ಇನ್ನೊಂದು ಚೂರು ಸರಿದು ಕೂರು."