ಬಂದ ನೀರಿನ ಮಾತು

"ಗುರುಗಳೇ, ಪೇಟೆಗೆ ಕೆಲಸ ಕೇಳಲು ಹೊರಟಿದ್ದೇನೆ" ಎಂದ ಶಿಷ್ಯ. "ನನ್ನ ವಿಷಯ ನಾನೇ ಹೇಳಿಕೊಂಡರೆ ಜಂಬ ಅಂತಾರೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಏನು ಹೇಳಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನ ಕಸುಬಿನವರಲ್ಲಿ ಒಂದು ಕಟ್ಟಳೆ. ಅಗೆಯುವ ಮೊದಲು ನೀರಿನ ಮಾತೆತ್ತಬಾರದು. ಎತ್ತಿದರೆ ಗಂಗಮ್ಮ ಮುನಿದು ಇನ್ನೂ ಕೆಳಕ್ಕೆ ಇಳಿಯುತ್ತಾಳೆ.

ಊರಿನಲ್ಲಿ ತೋಡಬೇಕಾದ ಬಾವಿಗಳೆಲ್ಲ ತೋಡಿ ಮುಗಿದಿದ್ದವು. ಇನ್ನೊಂದು ಕೆಲಸ ಸಿಗದಿದ್ದರೆ ಗಂಡ ಹೆಂಡತಿ ಗಂಟುಮೂಟೆ ಕಟ್ಟಬೇಕಿತ್ತು. ಅಷ್ಟರಲ್ಲಿ ಒಬ್ಬ ಸಾಹುಕಾರ ದಾರಿಹೋಕರಿಗಾಗಿ ಬಾವಿ ತೋಡಿಸುತ್ತಾನೆಂದು ಸುದ್ದಿ ಬಂತು. ಇವನು ಹೋದ.

"ನಿನ್ನ ಕೈಗುಣ ಹೇಗಪ್ಪಾ?" ಎಂದ ಸಾಹುಕಾರ.

ನೀರು ಎಂಬ ಮಾತು ನಾಲಿಗೆಗೆ ಬಂತು. ನುಂಗಿಕೊಂಡ. "ಹಾರೆ ಇದೆ, ಗುದ್ದಲಿ ಇದೆ ಸ್ವಾಮಿ. ಹೊತ್ತು ಮೂಡುವ ಮೊದಲೇ ಇಳಿದು ಅಗೆಯುತ್ತೇನೆ."

"ಆಗಲಿ, ನೋಡೋಣ" ಎಂದು ಸಾಹುಕಾರ ಕಳಿಸಿಬಿಟ್ಟ.

ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ನಡೆದದ್ದನ್ನು ಕೇಳಿ ಬಿದ್ದು ಬಿದ್ದು ನಕ್ಕಳು.

"ಅಗೀತೀನಿ ಅಂದೆಯಾ? ಹೆಗ್ಗಣವೂ ಅಗೆಯುತ್ತೆ!"

"ನೀರಿನ ಮಾತು ಎತ್ತಬಾರದಲ್ಲೇ."

"ಬರಬೇಕಾದ ನೀರಿನ ಮಾತು ಎತ್ತಬಾರದು ಮಾರಾಯ. ಬಂದ ನೀರಿನ ಮಾತಿಗೆ ಯಾರ ಅಡ್ಡಿ?"

ಅವನಿಗೂ ನಗು ಬಂತು. ರೊಟ್ಟಿ ಆರುವ ಮೊದಲೇ ಮತ್ತೆ ಸಾಹುಕಾರನಲ್ಲಿಗೆ ಹೊರಟ.

"ಸ್ವಾಮಿ, ಮೇಲಿನ ಕೇರಿಯ ಹೆಂಗಸರು ಕೊಡ ಹೊತ್ತು ಹಳ್ಳಕ್ಕೆ ಇಳಿಯುತ್ತಿದ್ದರು. ನಾನು ಬಂಡೆ ಸೀಳಿ ಬಾವಿ ತೋಡಿದೆ. ಈಗ ಮನೆ ಮುಂದೆಯೇ ಸೇದುತ್ತಾರೆ. ಎಂಥ ಬೇಸಿಗೆಯಲ್ಲೂ ಹಗ್ಗ ಉದ್ದ ಮಾಡಿಲ್ಲ. ನಿಮ್ಮಲ್ಲಿ ಏನಾಗುತ್ತದೋ ಹೇಳಲಾರೆ. ಅದು ಗಂಗಮ್ಮನಿಗೆ ಬಿಟ್ಟದ್ದು."

ಸಾಹುಕಾರ ಎದ್ದೇ ನಿಂತ. "ಇದನ್ನು ಬೆಳಿಗ್ಗೆ ಹೇಳೋದಕ್ಕೆ ನಿನಗೇನಾಗಿತ್ತೋ! ನಡಿ, ಜಾಗ ನೋಡೋಣ."

ಬಾವಿ ಆಯಿತು. ಸೆಲೆ ಒಡೆಯಿತು. ಮೊದಲ ಕೊಡವನ್ನು ಹೆಂಡತಿಯೇ ಸೇದಿ, ಗಂಡನ ತಲೆಯ ಮೇಲೆ ಸುರಿದಳು. ದಾರಿಹೋಕರೆಲ್ಲ ನಕ್ಕರು. ಅವನು ಒರೆಸಿಕೊಳ್ಳಲಿಲ್ಲ. ಅವಳು ನಗುವುದನ್ನು ನೋಡುತ್ತ ನಿಂತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಇಷ್ಟು ವರ್ಷ ನಿಮ್ಮಲ್ಲಿದ್ದು ಇಷ್ಟೆಲ್ಲ ಓದಿದೆ ಎಂದು ಧೈರ್ಯವಾಗಿ ಹೇಳುತ್ತೇನೆ."

"ಓದಿದ್ದು ಸರಿ ಮಗು, ಅದರಿಂದ ಯಾರ ಬಾಯಾರಿಕೆ ತೀರಿತು?" ಎಂದರು ಗುರುಗಳು.